ಬಯಲುಸೀಮೆಯ ಕೂಸುಗಳೂ ಕಡಲ ಮೊರೆತವೂ

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲಿ, ಬಡಗಣಕ್ಕೆ ಕೃಷ್ಣೆಯನ್ನೂ ತೆಂಕಣಕ್ಕೆ ಘಟಪ್ರಭೆಯನ್ನೂ ಇಟ್ಟುಕೊಂಡು ಹಬ್ಬಿರುವ ಬಯಲಿನ ನಡುವೆ, ಮುಗಳಖೋಡ ಹಾರೂಗೇರಿಗಳ ನೆರೆಯಲ್ಲಿರತಕ್ಕ ಪಾಲಬಾವಿಯಿಂದ ಪಡುವಣ ಕಡಲಿಗೆ ನಕಾಶೆಯ ಮೇಲೆ ನೆಟ್ಟಗೆ ಗೆರೆಯೆಳೆದರೂ ಅದು 150 ಕಿಲೋಮೀಟರಿಗೆ ಕಡಿಮೆಯಾಗದು. ಆ ಕಡಲಿನಲ್ಲಿ ಹುಟ್ಟಿದ ಮೋಡಗಳು ಸಹ್ಯಾದ್ರಿಯ ನೆತ್ತಿಯಲ್ಲಿ ತಮ್ಮ ಭಾರವನ್ನು ಇಳಿಸಿ, ಇಲ್ಲಿಗೆ ಬರುವ ಹೊತ್ತಿಗೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನ ಮಳೆಯನ್ನಷ್ಟೇ ಉಳಿಸಿಕೊಂಡಿರುತ್ತವೆ. ಮಹಾಬಳೇಶ್ವರದಲ್ಲಿ, ಅದೇ ಕಡಲಿಗೆ 64 ಕಿಲೋಮೀಟರು ಸಮೀಪದಲ್ಲಿ ಜನಿಸಿದ ಕೃಷ್ಣೆಯಾದರೋ ಅದಕ್ಕೆ ಬೆನ್ನುಗೊಟ್ಟು, ಸುಮಾರು 1,400 ಕಿಲೋಮೀಟರು ಹರಿದು ಮೂಡಣ ಸಮುದ್ರವನ್ನು ಸೇರುತ್ತದೆ. ಹೀಗೆ ಕಡಲಿನ ಋಣದಲ್ಲಿ ಬಾಳುತ್ತಲೂ ಅದರ ಸದ್ದು ಕೇಳದಿರುವ ಊರಿನಲ್ಲಿ, ಮೂರರಿಂದ ಆರು ವರ್ಷದ ಕೂಸುಗಳಿಗೆ ಊರಿನ ಹಾಡುಗಳನ್ನು ಕಲಿಸಬೇಕು, ಅನಂತರ ಕಡಲತೀರದ ಧ್ವನಿಚಿತ್ರವೊಂದನ್ನು ಅವುಗಳ ಕೈಯಿಂದಲೇ ಕಟ್ಟಿಸಬೇಕು, ಇವೆರಡೂ ಒಂದೇ ಪಾಠದ ಪೂರ್ವೋತ್ತರ ಭಾಗಗಳು ಎಂಬುದು ನಾನು ಇಲ್ಲಿ ಮಂಡಿಸಬಯಸುವ ಮಾತು.

ಹಾಡನ್ನು ನಾವು ಬಾಯಿಯ ವಿದ್ಯೆಯೆಂದು ಎಣಿಸುವುದು ವಾಡಿಕೆ. ಮಗುವಿನ ಮಟ್ಟಿಗೆ ಅದು ಮೊದಲು ಶ್ರವಣದ ವಿದ್ಯೆ. ತೊಟ್ಟಿಲಲ್ಲಿ ಮಲಗಿ ಅವ್ವನ ಜೋಗುಳವನ್ನು ಕೇಳುವ ಕೂಸಿಗೆ ಶಬ್ದಾರ್ಥಗಳ ಗೊಡವೆಯಿಲ್ಲ. ಧ್ವನಿಯ ಏರಿಳಿತ, ತೊಟ್ಟಿಲ ಹಗ್ಗದ ಕಿರುಗುಟ್ಟುವಿಕೆ, ಉಸಿರು ತಿರುಗುವ ನಡುವಣ ವಿರಾಮ ಇವೇ ಅದರ ಪ್ರಥಮ ಪಾಠಗಳು. ಈ ಪಾಠ ಚೆನ್ನಾಗಿ ಆದ ಕೂಸಿಗೆ ಮುಂದೆ ಕೇಳುವ ಪ್ರತಿಯೊಂದು ಶಬ್ದವೂ, ಅದು ಹಗ್ಗದ್ದಾಗಲಿ ಹಕ್ಕಿಯದಾಗಲಿ, ಗಮನಕ್ಕೆ ಯೋಗ್ಯವೆನಿಸುತ್ತದೆ.

ಈ ಸೀಮೆಯಲ್ಲಿ ಮಕ್ಕಳ ಹಾಡಿಗೆ ಒಂದು ಪಂಚಾಂಗವೇ ಇದೆ. ಜ್ಯೇಷ್ಠದ ಕಾರಹುಣ್ಣಿಮೆಯಂದು ಎತ್ತುಗಳಿಗೆ ಬಣ್ಣ ಬಳಿದು ಕರಿ ಹರಿದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ, ಅಂದು ಹುಡುಗರ ಕೈಗೆ ಮಣ್ಣು ಹತ್ತಿದ್ದು ಆಷಾಢದ ಮಂಗಳವಾರಗಳು ಮುಗಿಯುವತನಕ ತೊಳೆಯುವಂತಿಲ್ಲ. ಏಕೆಂದರೆ ಆ ಮಂಗಳವಾರಗಳು ಗುಳ್ಳವ್ವನವು, ಮಣ್ಣು ತರುವಾಗ ಒಂದು ಹಾಡು, ಗೊಂಬೆ ಮಾಡಿ ಗುಲಗಂಜಿಯಿಟ್ಟು ಸಿಂಗರಿಸುವಾಗ ಮತ್ತೊಂದು ಹಾಡು. ಶ್ರಾವಣದ ನಾಗರಪಂಚಮಿಗೆ ಜೋಕಾಲಿಯ ಹಾಡುಗಳು. ಭಾದ್ರಪದದಲ್ಲಿ ಗಂಗಾಮತಸ್ಥ ಹೆಂಗಸರು ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಮನೆಮನೆಗೆ ಬಂದು ಹಾಡುವಾಗ ಮಕ್ಕಳು ಬಾಗಿಲ ಸಂದಿಯಿಂದ ಕೇಳಿ ಕಲಿಯತಕ್ಕವು ಕೆಲವು. ದೀಪಾವಳಿಯ ಇರುಳಲ್ಲಿ ದನಗಾಹಿ ಹುಡುಗರು ದೀಪ ಹಿಡಿದು ದನಕರುಗಳಿಗೆ ಬೆಳಗುತ್ತ ಹೇಳುವ ಆಣೀಪೀಣಿ. ಮೊಹರಮ್ಮಿನಲ್ಲಿ ಅಲಾವಿಯ ಸುತ್ತ ಹೆಜ್ಜೆಯಿಕ್ಕುತ್ತ ಹಿಂದೂ ಮುಸಲ್ಮಾನರಿಬ್ಬರೂ ಕನ್ನಡದಲ್ಲಿಯೇ ಹಾಡುವ ರಿವಾಯತ ಪದಗಳು. ಚಿಕ್ಕೋಡಿ ನಿಪ್ಪಾಣಿಗಳತ್ತ ಹೋದರೆ ಮರಾಠಿ ಮನೆಗಳ ಹುಡುಗಿಯರು ನವರಾತ್ರಿಯಲ್ಲಿ ಆನೆಯ ಚಿತ್ರದ ಸುತ್ತ ಕೈಹಿಡಿದು ತಿರುಗುತ್ತ ಹಾಡುವ ಹಾದಗಾ. ಆ ಓಣಿಯ ಕನ್ನಡದ ಹುಡುಗಿಗೆ ಅದೂ ಬಾಯಿಪಾಠ. ಮಳೆ ತಡೆದ ವರ್ಷ ಮಾತ್ರ ಹೊರಬೀಳುವ ಗುರ್ಚಿಯ ಹಾಡು ಇವೆಲ್ಲಕ್ಕಿಂತ ಗಂಭೀರವಾದುದು: ರೊಟ್ಟಿಯ ಹಂಚಿನ ಮೇಲೆ ಸಗಣಿಯ ಗುರ್ಚಿಯನ್ನಿಟ್ಟು ಗರಿಕೆ ಚುಚ್ಚಿ ಹುಡುಗನೊಬ್ಬ ತಲೆಯ ಮೇಲೆ ಹೊತ್ತು ಬರುತ್ತಾನೆ, ಜೊತೆಗಾರರು ಹಾಡುತ್ತಾರೆ, ಮನೆಯೊಡತಿ ನೀರು ಸುರಿದಾಗ ಅವನು ಗಿರಿಗಿರಿ ತಿರುಗುತ್ತಾನೆ, ಹಂಚಿನಿಂದ ಹನಿಗಳು ಸುತ್ತಲೂ ಚಿಮ್ಮುತ್ತವೆ. ರಾಯಬಾಗ ಅಥಣಿಗಳಂಥ ಬರದ ಸೀಮೆಯ ಮಕ್ಕಳು ಬಾರದ ಮಳೆಯ ಸದ್ದನ್ನು ಹಂಚು, ನೀರು, ತಮ್ಮ ಕೊರಳು ಈ ಮೂರರಿಂದಲೇ ಮಾಡಿ ತೋರಿಸುವ ಈ ಆಚರಣೆಯನ್ನು ಕಂಡವರಿಗೆ, ದೂರದ ನೀರಿನ ಧ್ವನಿಯನ್ನು ಇಲ್ಲಿಗೆ ಕರೆತರುವುದು ಈ ಮಕ್ಕಳಿಗೆ ಹೊಸದಲ್ಲವೆಂಬುದು ತಾನಾಗಿ ತಿಳಿಯುತ್ತದೆ.

ಹಾಡು ಕಲಿಸುವ ಕ್ರಮದಲ್ಲಿ ನಾವು ದೊಡ್ಡವರು ತೋರುವ ಆತುರ ದೊಡ್ಡದು. ಒಂದು ಸಾಲು ನಾನು ಹೇಳುತ್ತೇನೆ, ನೀವು ಹೇಳಿರಿ ಎಂಬುದು ಮಗ್ಗಿಯ ಪದ್ಧತಿ. ಅದು ಹಾಡಿಗೆ ಒಗ್ಗದು. ಹಾಡು ಇಡಿಯಾಗಿ ಕಿವಿಗೆ ಬೀಳಬೇಕು, ಮತ್ತೆ ಮತ್ತೆ ಬೀಳಬೇಕು, ಹಾಡುವವರ ಕೈ ಅಷ್ಟು ಹೊತ್ತೂ ಯಾವುದಾದರೊಂದು ಕೆಲಸದಲ್ಲಿರಬೇಕು. ಬೀಸುಕಲ್ಲಿನ ಗೂಟ ಹಿಡಿದು ಅಜ್ಜಿ ತ್ರಿಪದಿ ಹೇಳುವಾಗ ಕಲ್ಲು ಒಂದು ಸುತ್ತು ಬರುವ ಹೊತ್ತೇ ಹಾಡಿನ ಒಂದು ನಡೆ. ಅದನ್ನು ನೋಡುತ್ತ ಕುಳಿತ ಮಗುವಿಗೆ ತಾಳವನ್ನು ಬೇರೆಯಾಗಿ ಹೇಳಿಕೊಡುವ ಅವಶ್ಯಕತೆಯಿಲ್ಲ. ಮೊದಮೊದಲು ಮಗು ಸೊಲ್ಲಿಗೆ ಮಾತ್ರ ದನಿಗೂಡಿಸುತ್ತದೆ. ಅದು ಸಾಕು, ಗೀಗೀ ಮೇಳದವರೂ ಆರಂಭಿಸುವುದು ಹಿಮ್ಮೇಳದಿಂದಲೇ. ಇನ್ನು ಶ್ರುತಿಯ ವಿಷಯ. ಮೂರು ನಾಲ್ಕು ವರ್ಷದ ಮಗುವಿನ ಕೊರಳಿಗೆ ಐದಾರು ಸ್ವರಗಳಿಗಿಂತ ಹೆಚ್ಚಿನ ವ್ಯಾಪ್ತಿ ಇರುವುದಿಲ್ಲ, ಮತ್ತು ಆ ಐದಾರು ಸ್ವರಗಳು ದೊಡ್ಡ ಗಂಡಸಿನ ದನಿಗಿಂತ ಬಹಳ ಮೇಲಿರುತ್ತವೆ. ಹಾರ್ಮೋನಿಯಮ್ಮಿನ ಮುಂದೆ ಕುಳಿತ ಗುರುಗಳು ತಮಗೆ ಸುಖವಾದ ಶ್ರುತಿಯಲ್ಲಿ ಹಿಡಿದರೆ ಮಕ್ಕಳು ಗೊಗ್ಗರು ದನಿಯಲ್ಲಿ ಗೊಣಗುತ್ತವೆ, ಅಥವಾ ಕಿರುಚುತ್ತವೆ. ಆಮೇಲೆ ಅವಕ್ಕೆ ಸ್ವರಜ್ಞಾನವಿಲ್ಲವೆಂದು ತೀರ್ಮಾನವಾಗುತ್ತದೆ. ನಮ್ಮ ಗುಳ್ಳವ್ವನ ಹಾಡೂ ಪಂಚಮಿಯ ಹಾಡೂ ಮೂರು ನಾಲ್ಕು ಸ್ವರಗಳೊಳಗೆ ಸುಳಿದಾಡುವಂಥವು. ಎಳೆಯ ಕೊರಳ ಅಳತೆಯನ್ನು ಶಾಸ್ತ್ರಜ್ಞರು ಗುರುತಿಸುವುದಕ್ಕಿಂತ ಎಷ್ಟೋ ಮುಂಚೆ ಅದನ್ನು ತಿಳಿದಿದ್ದ ತಾಯಂದಿರು ಕಟ್ಟಿದವು.

ಇಂದು ಕಬ್ಬಿನ ಸುಗ್ಗಿಯಲ್ಲಿ ಟ್ರ್ಯಾಕ್ಟರಿನ ಧ್ವನಿವರ್ಧಕದಿಂದ ಹೊರಟು, ಮೊಬೈಲಿನ ಮೂಲಕ ಅಡುಗೆಮನೆಗೂ ನುಗ್ಗುವ ‘ಜಾನಪದ’ವೊಂದಿದೆ. ಸ್ಟುಡಿಯೋದಲ್ಲಿ ಹೊಸದಾಗಿ ಹುಟ್ಟಿದ ಪ್ರಣಯಗೀತಗಳವು. ದೊಡ್ಡವರು ಕೇಳಿ ನಲಿಯಲಿ, ನನ್ನ ಆಕ್ಷೇಪವಿಲ್ಲ. ಆದರೆ ಅಂಗನವಾಡಿಯ ವಾರ್ಷಿಕೋತ್ಸವದಲ್ಲಿ ನಾಲ್ಕು ವರ್ಷದ ಕೂಸುಗಳಿಗೆ ಇಳಕಲ್ಲ ಸೀರೆಯುಡಿಸಿ ಆ ಗೀತಗಳಿಗೆ ತುಟಿಯಾಡಿಸಲು ಕಲಿಸುವುದು ನನಗೆ ಅತ್ಯಂತ ವ್ಯಥೆಯನ್ನುಂಟುಮಾಡುವ ನೋಟ. ಕೊರಳು ಮುಚ್ಚಿಸಿ ಮೈ ಕುಣಿಸುವ ಆ ಶಿಕ್ಷಣದಲ್ಲಿ ಮಗು ಕಲಿಯುವುದು, ಹಾಡು ತನ್ನೊಳಗಿನಿಂದ ಬರತಕ್ಕದ್ದಲ್ಲ, ಪೆಟ್ಟಿಗೆಯಿಂದ ಬರತಕ್ಕದ್ದು ಎಂಬುದನ್ನು.

ಈ ಸೀಮೆಯ ಹಾಡುಗಳನ್ನು ಉಳಿಸಿದವರಲ್ಲಿ ಶಾಲೆಯ ಮಾಸ್ತರರ ಪಾತ್ರ ಹಿರಿದೆಂಬುದನ್ನು ಇಲ್ಲಿ ಸ್ಮರಿಸಬೇಕು. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು 1931ರಲ್ಲಿ ಹೊರತಂದಾಗ ಅದಕ್ಕೆ ದುಡಿದವರಲ್ಲೊಬ್ಬರಾದ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಶಿಕ್ಷಕರು. ನಮ್ಮದೇ ಜಿಲ್ಲೆಯ ಬೆಟಗೇರಿಯ ಕೃಷ್ಣಶರ್ಮರು, ಆನಂದಕಂದರೆಂದು ಹೆಸರಾದವರು, ಹಳ್ಳಿಯ ಹೆಣ್ಣುಮಕ್ಕಳ ನುಡಿಯ ಧಾಟಿಯನ್ನು ತಮ್ಮ ಕಾವ್ಯಕ್ಕೂ ತಂದರು. ಘೋಡಗೇರಿಯ ಚಂದ್ರಶೇಖರ ಕಂಬಾರರು ಆ ಧಾಟಿಯಲ್ಲಿಯೇ ನಾಟಕಗಳನ್ನು ಕಟ್ಟಿದರು. ಆದರೆ ಪುಸ್ತಕ ಹಿಡಿದಿಟ್ಟದ್ದು ನುಡಿಯನ್ನು; ಮಟ್ಟು ಹಾಡುವವರ ಕೊರಳಲ್ಲಿಯೇ ಉಳಿಯಿತು. ಹಂಗೆರಿ ದೇಶದಲ್ಲಿ ಅದೇ ಶತಮಾನದ ಆದಿಯಲ್ಲಿ ಬೇಲಾ ಬಾರ್ಟೋಕ್ ಮತ್ತು ಜೋಲ್ಟಾನ್ ಕೊಡಾಯ್ ಎಂಬ ಇಬ್ಬರು ಸಂಗೀತಜ್ಞರು ಮೇಣದ ಉರುಳೆಯ ಫೋನೋಗ್ರಾಫನ್ನು ಹೊತ್ತು ಹಳ್ಳಿಹಳ್ಳಿ ತಿರುಗಿ, 1906ರಲ್ಲಿ ಇಪ್ಪತ್ತು ಹಾಡುಗಳ ಮೊದಲ ಸಂಕಲನವನ್ನು ಪ್ರಕಟಿಸಿದರು. ಕೊಡಾಯ್ ಮುಂದೆ ತನ್ನ ಆಯುಷ್ಯದ ಬಹುಭಾಗವನ್ನು, ಮಗುವಿನ ಸಂಗೀತಶಿಕ್ಷಣ ಅದರ ನಾಡಿನ ಹಾಡಿನಿಂದಲೇ, ವಾದ್ಯಕ್ಕೆ ಮುಂಚೆ ಕೊರಳಿನಿಂದಲೇ ಆರಂಭವಾಗಬೇಕೆಂಬ ತತ್ತ್ವವನ್ನು ಶಾಲೆಗಳಲ್ಲಿ ನೆಲೆಗೊಳಿಸುವುದಕ್ಕೆ ವಿನಿಯೋಗಿಸಿದ. ನಮ್ಮಲ್ಲಿ ಆ ಕೆಲಸ ನಡೆಯದ್ದರಿಂದ ಪಾಲಬಾವಿಯಂಥ ಊರಿನಲ್ಲಿ ಗುಳ್ಳವ್ವನ ಹಾಡಿನ ಮಟ್ಟನ್ನು ಕಲಿಯಬೇಕಾದರೆ ಇಂದಿಗೂ ಇರುವ ಗ್ರಂಥ ಎಪ್ಪತ್ತು ದಾಟಿದ ಮುದುಕಿಯೊಬ್ಬಳೇ.

ಇನ್ನು ಕಡಲು. ಅದರ ಮೊರೆತ ಹುಟ್ಟುವುದು ಹೇಗೆಂಬುದನ್ನು ಮಾಸ್ತರರು ಅರಿತಿದ್ದರೆ ಮಕ್ಕಳ ಕೈಗೆ ಏನನ್ನು ಕೊಡಬೇಕೆಂಬುದು ಸುಲಭವಾಗುತ್ತದೆ. ತೆರೆ ಮಗುಚಿ ಬೀಳುವಾಗ ಗಾಳಿಯನ್ನು ನೀರೊಳಗೆ ಹುದುಗಿಸಿಕೊಳ್ಳುತ್ತದೆ; ಹಾಗೆ ಹುದುಗಿದ ಲಕ್ಷಾಂತರ ಗುಳ್ಳೆಗಳಲ್ಲಿ ಒಂದೊಂದೂ ಕ್ಷಣಕಾಲ ಮಿಡಿದು ಒಂದೊಂದು ಸ್ವರವನ್ನು ಹೊರಡಿಸುತ್ತದೆ. ಗುಳ್ಳೆ ಕಿರಿದಾದಷ್ಟೂ ಸ್ವರ ಏರುತ್ತದೆ, ಹಿರಿದಾದಷ್ಟೂ ಇಳಿಯುತ್ತದೆ. ಈ ಲೆಕ್ಕವನ್ನು ಬೆಲ್ಜಿಯಂ ಮೂಲದ ವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲಿ ನಿಗದಿಪಡಿಸಿದ. ಒಂದು ಮಿಲಿಮೀಟರು ತ್ರಿಜ್ಯದ ಗುಳ್ಳೆ ಸೆಕೆಂಡಿಗೆ 3,000 ಬಾರಿಯ ಸುಮಾರು ಕಂಪಿಸುತ್ತದೆಯಂತೆ. ತೆರೆ ಬೀಳುವಾಗಿನ ಗುಡುಗು, ಹರಡುವಾಗಿನ ಭೋರ್ಗರೆತ, ಮರಳಿನೊಳಗೆ ಇಂಗುವಾಗಿನ ಸುಯ್ಲು, ಇವು ಮೂರೂ ಬಗೆಬಗೆಯ ಅಸಂಖ್ಯ ಕಿರುಸದ್ದುಗಳು ಒಟ್ಟುಗೂಡಿ ಆದ ಮಹಾಶಬ್ದ. ಅಂದ ಮೇಲೆ ಅದನ್ನು ಅನುಕರಿಸಲು ಬೇಕಾದದ್ದು ಅಸಂಖ್ಯ ಕಿರುವಸ್ತುಗಳು ಒಂದರ ಮೇಲೊಂದು ಉರುಳುವ ಏರ್ಪಾಡು. ಅದು ಪ್ರತಿಯೊಂದು ಮನೆಯ ಅಡುಗೆಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿದೆ. ಎರಡು ಹಿಡಿ ಬಿಳಿಜೋಳವನ್ನು ಮೊರದಲ್ಲಿ ಹಾಕಿ, ನಿಧಾನವಾಗಿ ಒಂದು ಮಗ್ಗುಲಿಗೆ ವಾಲಿಸಿ, ಕಾಳು ಅಂಚಿಗೆ ಬಂದು ನಿಂತ ಬಳಿಕ ಅಷ್ಟೇ ನಿಧಾನವಾಗಿ ಮತ್ತೊಂದು ಮಗ್ಗುಲಿಗೆ ವಾಲಿಸಿದರೆ ತೆರೆ ಬಂದು ಹೋಗುತ್ತದೆ. ಜೋಳದ ಬದಲು ಕುಸುಬಿ ಹಾಕಿದರೆ ಸದ್ದು ಬೇರೆ, ಸಜ್ಜೆ ಹಾಕಿದರೆ ಬೇರೆ, ನುಣುಪು ಮರಳಿನದಂತೂ ತೀರ ಬೇರೆ. ಯಾವ ಕಾಳು ದೂರದ ತೆರೆ, ಯಾವುದು ಪಾದದ ಬಳಿಯ ತೆರೆ ಎಂಬುದನ್ನು ಮಕ್ಕಳೇ ಕಣ್ಣು ಮುಚ್ಚಿ ಕೇಳಿ ನಿರ್ಣಯಿಸಬೇಕು. ಆ ನಿರ್ಣಯದಲ್ಲಿಯೇ ಪಾಠದ ಸತ್ತ್ವವಿದೆ, ಆದ್ದರಿಂದ ಗುರುಗಳು ಉತ್ತರವನ್ನು ಮೊದಲೇ ಹೇಳಿಬಿಡಬಾರದು.

ತೆರೆಯ ಲಯವನ್ನು ಕಲಿಸುವುದಕ್ಕೆ ಪಂಚಮಿಯ ಜೋಕಾಲಿಗಿಂತ ಒಳ್ಳೆಯ ಗುರುವಿಲ್ಲ. ದಡಕ್ಕೆ ಬಡಿಯುವ ತೆರೆಗಳ ನಡುವಣ ಅಂತರ ಸಾಮಾನ್ಯವಾಗಿ ಎಂಟು ಹತ್ತು ಸೆಕೆಂಡು; ಬೇವಿನ ಕೊಂಬೆಗೆ 6 ಮೀಟರು ಹಗ್ಗ ಇಳಿಬಿಟ್ಟು ಕಟ್ಟಿದ ಜೋಕಾಲಿ ಒಮ್ಮೆ ಹೋಗಿ ಬರಲು ಐದು ಸೆಕೆಂಡು ಹಿಡಿಯುತ್ತದೆ. ಎರಡು ಜೀಕಿಗೆ ಒಂದು ತೆರೆ. ಒಬ್ಬಳು ಜೀಕುತ್ತಿರಲು, ಉಳಿದವರು ಅವಳನ್ನೇ ನೋಡುತ್ತ ಮೊರ ವಾಲಿಸಿದರೆ, ಅವಸರಪಡುವ ಎಳೆಗೈಗಳು ತಾವಾಗಿ ಸಾವಧಾನವನ್ನು ಕಲಿಯುತ್ತವೆ. ಆ ಹೊತ್ತಿಗೆ ಬಾಯಲ್ಲಿರುವುದು ಆ ಮಕ್ಕಳಿಗೆ ಮೊದಲೇ ಬರುವ ಪಂಚಮಿಯ ಹಾಡು. ಊರಿನ ಹಾಡಿನ ಲಯ ಕೈಗೆ ಹತ್ತಿದ ಮಗುವಿಗೆ ಮಾತ್ರ ಕಾಣದ ಕಡಲಿನ ಲಯವನ್ನು ಹಿಡಿಯುವುದು ಸಾಧ್ಯ, ಹಾಡು ಮುಂಚೆ ಧ್ವನಿಚಿತ್ರ ಆಮೇಲೆ ಎಂದು ನಾನು ಒತ್ತಿ ಹೇಳುವುದು ಈ ಕಾರಣದಿಂದ.

ಕಡಲು ತನ್ನ ಒಡವೆಗಳನ್ನು ಈ ಬಯಲಿಗೆ ಕಳುಹಿಸಿ ಎಷ್ಟೋ ಶತಮಾನಗಳಾದವೆಂಬುದನ್ನೂ ಮಕ್ಕಳಿಗೆ ತೋರಿಸಬೇಕು. ಸವದತ್ತಿಯ ಎಲ್ಲಮ್ಮನ ಜೋಗತಿಯರು ಕೊರಳಲ್ಲಿ ಧರಿಸಿ ಚೌಡಿಕೆ ನುಡಿಸುತ್ತ ಬರುವ ಕವಡೆಯ ಸರ ಕಡಲಿನದು. ಪೂರ್ವಕಾಲದಲ್ಲಿ ಮಾಲ್ದೀವು ದ್ವೀಪಗಳಿಂದ ಹಡಗುಗಳಲ್ಲಿ ಹೇರಿ ತಂದ ಕವಡೆ ನಾಡಿನ ಸಂತೆಗಳಲ್ಲಿ ನಾಣ್ಯವಾಗಿಯೂ ನಡೆಯಿತು. ಗುಡಿಯ ಶಂಖವೂ ಕಡಲಿನದೇ. ಕವಡೆಗಳನ್ನು ತಾಮ್ರದ ಚರಿಗೆಯಲ್ಲಿ ಹಾಕಿ ಕುಲುಕಿದರೆ ತೆರೆಗೆ ಸಿಕ್ಕಿ ಉರುಳುವ ಹರಳುಗಳ ಸದ್ದು ಬರುತ್ತದೆ. ಶಂಖವನ್ನು ಕಿವಿಗೆ ಹಿಡಿದಾಗ ಒಳಗೆ ಕಡಲು ಮೊರೆಯುತ್ತದೆಂದು ಹೇಳುವುದುಂಟು; ನಿಜದಲ್ಲಿ ಸುತ್ತಲಿನ ಸದ್ದುಗಳಲ್ಲಿ ತನ್ನ ಟೊಳ್ಳಿನ ಅಳತೆಗೆ ಹೊಂದುವುದನ್ನು ಆರಿಸಿ ಅದು ದೊಡ್ಡದು ಮಾಡುತ್ತದೆ, ಆದಕಾರಣ ಓಣಿಯಲ್ಲಿ ಗದ್ದಲವಿದ್ದಾಗ ಶಂಖದೊಳಗಿನ ಕಡಲೂ ಹೆಚ್ಚು ಮೊರೆಯುತ್ತದೆ. ಇದನ್ನು ಮಗುವಿಗೆ ಹೇಳುವುದರಿಂದ ಅದರ ವಿಸ್ಮಯ ಕುಗ್ಗುವುದೆಂದು ನಾನು ತಿಳಿಯಲಾರೆ. ಬಾಗಿಲು ಮುಚ್ಚಿ ಕೇಳು, ತೆರೆದು ಕೇಳು ಎಂದರೆ ಅದು ತಾನೇ ಪರೀಕ್ಷೆ ನಡೆಸುತ್ತದೆ. ಡೊಳ್ಳಿನ ಚರ್ಮದ ಮೇಲೆ ಒದ್ದೆಯಾದ ಹೆಬ್ಬೆರಳನ್ನು ಒತ್ತಿ ಎಳೆದರೆ ದೂರದ ಮುಂಗಾರು ಕಡಲು ಹೂಂಕರಿಸುತ್ತದೆ. ಗಾಳಿಯನ್ನು ಬಾಯಿಂದಲೇ ಬೀಸಬಹುದು. ಬಂಟವಾಳದಲ್ಲಿ ಹುಟ್ಟಿ, ಕಡಲ ಸೀಮೆಯ ಶಾಲೆಗಳಲ್ಲಿ ಬಹುಕಾಲ ದುಡಿದ ಪಂಜೆ ಮಂಗೇಶರಾಯರು ‘ತೆಂಕಣ ಗಾಳಿಯಾಟ’ದಲ್ಲಿ ಗಾಳಿಯ ನುಗ್ಗನ್ನು ಬರಿಯ ಅಕ್ಷರಗಳ ನಡೆಯಿಂದಲೇ ಕಿವಿಗೆ ಮುಟ್ಟಿಸಿದ್ದಾರೆ, ಅದನ್ನು ಗಟ್ಟಿಯಾಗಿ ಓದಿಸಿದರೆ ತರಗತಿಯಲ್ಲಿ ಎಲೆ ಅಲುಗುವಂತಾಗುತ್ತದೆ.

ಹೀಗೆ ಕಟ್ಟುವ ತೀರ ಯಾವುದೋ ಪರದೇಶದ ತೀರವಾಗದಂತೆ ಎಚ್ಚರ ವಹಿಸಬೇಕು. ಸಿದ್ಧ ಧ್ವನಿಮುದ್ರಿಕೆಗಳ ಕಡಲಿನಲ್ಲಿ ಸದಾ ಕೂಗುತ್ತಿರುವ ಬೆಳ್ಳನೆಯ ಕಡಲಹಕ್ಕಿ ಯುರೋಪಿನದು. ಕಾರವಾರ ಅಂಕೋಲೆಗಳ ದಂಡೆಗೆ ಆ ಕುಲದ ಹಕ್ಕಿಗಳು ಚಳಿಗಾಲದ ಅತಿಥಿಗಳಾಗಿ ಬಂದು ಹೋಗತಕ್ಕವು. ವರ್ಷವಿಡೀ ಅಲ್ಲಿ ಕೇಳುವುದು ಕಾಗೆ, ಮೀನಿನ ರಾಶಿಯ ಮೇಲೆ ಸುತ್ತುತ್ತ ನರಳುವಂತೆ ಕೂಗುವ ಕೆಂಗರುಡ, ಗಾಳಿಮರದ ತೋಪಿನ ಸುಯ್ಯೆಂಬ ದನಿ, ಮೀನು ಮಾರುವ ಹೆಂಗಸರ ಚೌಕಾಶಿ. ಜೂನ್ 1ರಿಂದ ಜುಲೈ ಕೊನೆಯವರೆಗೆ ಯಂತ್ರದ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ಎಂಜಿನ್ನುಗಳ ಗುಡುಗುಡು ಅಡಗಿ ಕಡಲೊಂದೇ ಮಾತಾಡುತ್ತಿರುತ್ತದೆ. ಅದೇ ತಿಂಗಳುಗಳಲ್ಲಿ ಪಾಲಬಾವಿಯಲ್ಲಿ ಮಣ್ಣೆತ್ತು ಗುಳ್ಳವ್ವಗಳ ಸಂಭ್ರಮ. ಹಿಂದೆ ರಂಪಣಿ ಬಲೆಯನ್ನು ದಡದ ಎರಡು ಕಡೆಗಳಿಂದ ನೂರರ ಸುಮಾರು ಜನ ಕೂಗಿಗೆ ಕೂಗು ಸೇರಿಸಿ ಎಳೆಯುತ್ತಿದ್ದರು, 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಆ ದನಿ ಕ್ಷೀಣವಾಯಿತು. ಒಂದು ಬಾವಿಹಗ್ಗವಿದ್ದರೆ ಆ ಎಳೆತವನ್ನು ಅಂಗನವಾಡಿಯ ಅಂಗಳದಲ್ಲಿ ಆಡಬಹುದು. ಅಂಕೋಲೆಯ ಬಡಗೇರಿಯ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡರು, ಅಕ್ಷರವನ್ನರಿಯದೆ ಸಾವಿರಾರು ಹಾಡುಗಳನ್ನು ಸ್ಮೃತಿಯಲ್ಲಿ ಹೊತ್ತು 2017ರಲ್ಲಿ ಪದ್ಮಶ್ರೀ ಪಡೆದವರು, 2025ರಲ್ಲಿ ತೀರಿಕೊಂಡರು. ಅವರ ದನಿಯ ಮುದ್ರಿಕೆಗಳು ಉಳಿದಿವೆ. ನಮ್ಮ ಅಜ್ಜಿಯ ತ್ರಿಪದಿಯನ್ನು ಕೇಳಿದ ಮಕ್ಕಳಿಗೆ ಒಂದು ದಿನ ಆ ಮುದ್ರಿಕೆಯನ್ನು ಕೇಳಿಸಿದರೆ, ಕಡಲ ಬಳಿಯ ಅಜ್ಜಿಯೂ ಕೆಲಸ ಮಾಡುತ್ತಲೇ ಹಾಡುತ್ತಾಳೆಂಬ ಬಾಂಧವ್ಯ ಅವುಗಳಿಗೆ ಹೊಳೆಯಬಹುದು.

ಕೂಸುಗಳ ಶಿಕ್ಷಣವನ್ನು ಊರಿನ ವಸ್ತುಗಳಿಂದಲೇ ನಡೆಸಬಹುದೆಂಬುದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಬೆಳಗಾವಿ ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1945ರಲ್ಲಿ, ಅದೇ ಪ್ರಾಂತದ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಕಡಲತೀರದ ಹಳ್ಳಿಯಲ್ಲಿ ತಾರಾಬಾಯಿ ಮೋಡಕರು ಬಾಲಶಿಕ್ಷಣ ಕೇಂದ್ರವನ್ನು ತೆರೆದರು. ಅನುತಾಯಿ ವಾಘರು ಅವರ ಜೊತೆಗೂಡಿದರು. ಶಿಕ್ಷಣತಜ್ಞ ಗಿಜುಭಾಯಿಯವರೊಡನೆ ಭಾವನಗರದಲ್ಲಿ ಮಾಂಟೆಸೊರಿ ಪದ್ಧತಿಯನ್ನು ಅಭ್ಯಸಿಸಿದ್ದ ತಾರಾಬಾಯಿಯವರು, ಬೆಲೆಬಾಳುವ ಸಾಧನಗಳು ಬಡವರ ಮಕ್ಕಳಿಗೆ ಎಟುಕಲಾರವೆಂದು ಕಂಡು, ಕಪ್ಪೆಚಿಪ್ಪು, ಹರಳು, ಬೀಜ, ಎಲೆಗಳನ್ನೇ ಪಾಠದ ಸಾಮಗ್ರಿಯಾಗಿ ಮಾಡಿಕೊಂಡರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗುವಂತೆ ಮಾಡಿದರು. 1957ರಲ್ಲಿ ಕೇಂದ್ರ ಹತ್ತಿರದ ಕೋಸಬಾಡ ಗುಡ್ಡಕ್ಕೆ, ಆದಿವಾಸಿಗಳ ನಡುವೆ ಹೋಯಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ, ಸರ್ಕಾರದ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಅಂಗನವಾಡಿಯ ಕಲ್ಪನೆಯ ಹಿಂದೆ ಈ ಇಬ್ಬರು ತಾಯಂದಿರ ದುಡಿಮೆಯಿತ್ತು. ಕೇಳುವ ಅಭ್ಯಾಸಕ್ಕೂ ಒಂದು ನಿದರ್ಶನವಿದೆ: ಕೆನಡಾದ ಸಂಗೀತ ರಚನಕಾರ ಮರ್ರೆ ಶೇಫರ್ 1960ರ ದಶಕದ ಕೊನೆಯಿಂದ ವ್ಯಾಂಕೂವರಿನಲ್ಲಿ ಊರಿನ ಸದ್ದುಗಳನ್ನೆಲ್ಲ ದಾಖಲಿಸುವ ಯತ್ನ ಕೈಗೊಂಡು, ಮಕ್ಕಳನ್ನು ಮೌನವಾಗಿ ಕೂಡಿಸಿ, ಕೇಳಿಸಿದ ಸದ್ದುಗಳನ್ನು ಹೆಸರಿಸುವ ಅಭ್ಯಾಸವನ್ನು ಪ್ರಚುರಪಡಿಸಿದ. ಬೋರ್ಡಿಯ ಚಿಪ್ಪು, ವ್ಯಾಂಕೂವರಿನ ಮೌನ, ಪಾಲಬಾವಿಯ ಮೊರ ಇವು ಒಟ್ಟಿಗೆ ಸೇರಲು ಹಣ ಬೇಕಿಲ್ಲ.

ಬೇಕಾದದ್ದು ಹೊತ್ತು, ಮತ್ತು ಅದೇ ದುರ್ಲಭ. ಅಂಗನವಾಡಿಯ ಕಾರ್ಯಕರ್ತೆಗೆ ಮಕ್ಕಳ ತೂಕ, ಬಸುರಿಯರ ಪಟ್ಟಿ, ಆಹಾರದ ಲೆಕ್ಕ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ ಇಷ್ಟನ್ನು ಹೊರಿಸಿ, ಇದರ ಮೇಲೆ ಕಡಲನ್ನೂ ಹೊರು ಎನ್ನುವುದು ನ್ಯಾಯವಲ್ಲ. ಊರಿನ ಹಿರಿಯ ಹೆಂಗಸರಲ್ಲಿ ಇಬ್ಬರನ್ನು ವಾರಕ್ಕೊಮ್ಮೆ, ಆಷಾಢವಾದರೆ ಮಂಗಳವಾರವೇ, ಮಧ್ಯಾಹ್ನದ ಊಟಕ್ಕೆ ಮುಂಚಿನ ಅರ್ಧ ತಾಸು ಕರೆದು ಕೂಡಿಸಿ, ಅವರಿಗೆ ಪಂಚಾಯತಿಯ ವತಿಯಿಂದ ಗೌರವಧನ ಕೊಡುವುದು ಸಾಧ್ಯವಾಗಬೇಕು. ಅವರು ತಮ್ಮ ಮೊರವನ್ನು ತಾವೇ ತರುತ್ತಾರೆ. ಗುಳ್ಳವ್ವ ಮುಗಿಯಲಿ, ಪಂಚಮಿಯ ಜೋಕಾಲಿ ಕಟ್ಟಲಿ. ಜೋಳದ ತೆರೆಗಳನ್ನು ಭಾದ್ರಪದಕ್ಕೆ, ಜೋಕುಮಾರನ ಬುಟ್ಟಿ ಬರುವ ವಾರಕ್ಕೆ ಇಟ್ಟುಕೊಳ್ಳಬಹುದು, ಅಷ್ಟರೊಳಗೆ ಮಕ್ಕಳ ಕೊರಳೂ ಕೈಯೂ ಪಳಗಿರುತ್ತವೆ.